ಕಡೀ ಹಾಳಿ

ಬರ್ರಿ ಅಕ್ಕೋರ, ತಯಾರಾಗೇತಿ ನಿಮ್ಮ ಪುಸ್ತಕ.
ಒಳಗ ಬರ್ರಿ ಅನ್ನಾಕ ಒಳಗ ಅನ್ನೂದ ಉಳಿದಿಲ್ಲ,
ಮೆಟ್ಟಿಲ ಮ್ಯಾಲ ನಿಂತ್ರ ಅಂಗಡ್ಯಾಗ ನಿಂತಂಗನ.
ರಸ್ತೆ ಅಗಲಾದಾಗ ಒಂಬತ್ತು ಫೂಟು ಕೊಟ್ಟೀನಿ.
ಉಳಿದಿದ್ದು ನಾನು, ಒತ್ತು ಪ್ರೆಸ್ಸು, ಈ ಸ್ಟೂಲು.
ಕತ್ತರಿ ಮಷೀನು ಮಗ್ಗಲ ಸಂದ್ಯಾಗ
ತಾಡಪತ್ರಿ ಹೊದ್ದು ಕುಂತೈತಿ, ಜಡ್ಡಾದವರಂಗ.

ಬೆನ್ನ ಮುರದಿತ್ರಿ ಇದರದು.
ಎಷ್ಟು ಹುಡುಗೂರು ಎಷ್ಟು ಸಲ ತಗದಾವೋ!
ಕೆರೀ ನಡುವ ಯಾರದೋ ಹೆಬ್ಬಟ್ಟಿನ ಗುರ್ತು, ಉಪ್ಪಿನಕಾಯಿ ಎಣ್ಣೀದು.
ಅದನ್ನ ಒರಸಾಕ ಹೋಗಲಿಲ್ಲ.

ಒಂದಕ್ಷರ ಇಲ್ಲ, ಬರೀ ಚಿತ್ರ. ನನಗ ಬೇಶಾತು.
ಹೊಲಿಗಿ ಬಿಚ್ಚಿ ನೆಲದ ಮ್ಯಾಲ ಸಾಲಾಗಿ ಹರವಿದ್ದೆ,
ಹಂಗ ಹರವಿದಾಗ ಕತಿ ಕಂಡಿದ್ದು.
ಮೊದಲನೇದ್ರಾಗ ಕೆರಿ. ದಂಡಿಗೆ ಎರಡು ಚಿಗರಿ,
ನೀರಾಗ ಮತ್ತೆರಡು, ತೆಲಿ ಕೆಳಗಾಗಿ.
ಆಮ್ಯಾಲೆ ಒಂದು ಗುಡಿಸಲ, ಕೊಡಾ ಹಿಡದ ಒಬ್ಬಾಕಿ.
ಆಮ್ಯಾಲೆ ಕಂಬ. ತಂತಿ. ಗಿರಣಿ ಚಿಮಣಿ.
ಚಿತ್ರ ತಗದಾವ ಶಾಣ್ಯಾ ಇದ್ದಾನ್ರಿ,
ಕೆರಿ ಬತ್ತಿದ್ದು ಎಲ್ಲೂ ತೋರ್ಸಿಲ್ಲ,
ಮನೀನ ದೊಡ್ಡವು ಮಾಡ್ಕೋತ ಹೋಗ್ಯಾನ.
ಇಪ್ಪತ್ತೆಂಟನೇ ಪುಟಕ್ಕ ಬರೂದ್ರಾಗ
ನೀರು ಅಂಗಿ ಗುಂಡಿಯಷ್ಟು.
ಚಿಗರಿ ಎಲ್ಲಿ ಅಂತ ಚಾಳಸಾ ಹಾಕ್ಕೊಂಡು ಹುಡುಕಿದೆ.
ಒಂದು ಸಿಕ್ತು.
ಅಂಗಡಿ ಬೋರ್ಡಿನ ಮ್ಯಾಲ, ಚಪ್ಪಲಿ ಕಂಪನಿ ಮುದ್ರಿ ಆಗಿ ನಿಂತಿತ್ತು.

ಮೊಮ್ಮಗಳು ಜುಲೇಖಾ ಮೊದಲನೇ ಚಿತ್ರ ನೋಡಿ
“ಅಜ್ಜಾ, ಇವು ಚಿಗರಿ ಅಲ್ಲ” ಅಂದ್ಲು.
ಆಕೀ ಲೆಕ್ಕದಾಗ ಚಿಗರಿ ಅಂದ್ರ
ಬಾಗಲಾ ತಾನ ತಗೀತೈತಿ, ಒಳಗ ಥಂಡಿ ಇರತೈತಿ,
ಧಾರವಾಡಕ್ಕ ಹೊಕ್ಕೈತಿ.
ಅಗಾ, ಹೋತು ನೋಡ್ರಿ ಒಂದು.
ಅದು ಹೋದಾಗೊಮ್ಮೆ ಅಂಟಿನ ಬಟ್ಟಲಾ ನಡಗತೈತಿ.

ಸಿಟ್ಟಿಲ್ರಿ ನನಗ.
ಅದ್ರಾಗ ಕುಂತ ಮನ್ಯಾಕಿ ಕಣ್ಣಿನ ಆಪರೇಶನ್ನಿಗೆ ಹೋಗಿ ಬಂದ್ವಿ.
ಬರೂವಾಗ ಪಟ್ಟಿ ಕಟ್ಟಿದ ಕಣ್ಣಲೇ ಕೇಳಿದ್ಲು,
“ಉಣಕಲ್ಲ ಕೆರಿ ಬಂತೇನ್ರಿ?”
ಬಂದು ಹೋಗಿತ್ತು. ನಾನೂ ನೋಡಿರಲಿಲ್ಲ.

ಫಜೀತಿ ಏನಂದ್ರ, ಕಡೀ ಹಾಳಿ ಇಲ್ಲ.
ಯಾರೋ ಹರಕೊಂಡಾರ, ಇಲ್ಲಾ ತಾನ ಉದುರೇತಿ.
ಹೊಲಿಗಿ ದಾರದಾಗ ಉಗುರಿನಷ್ಟು ಅಂಚು ಸಿಕ್ಕಿತ್ತು,
ಅಷ್ಟರಾಗ ಒಂದೀಟು ನೀಲಿ.
ನೀರೋ, ಮುಗಿಲೋ,
ಯಾರದರ ಮನೀಗೆ ಹೊಚ್ಚಿದ ತಾಡಪತ್ರಿಯೋ.
ಎರಡು ರಾತ್ರಿ ಅದನ್ನ ದೀಪಕ್ಕ ಹಿಡದು ಕುಂತೆ.
ಕೆರಿ ತಿರಗಿ ಬಂತು ಅಂತ ಇತ್ತೇನು?
ಅವು ಎರಡೂ ಎದ್ದು ಬ್ಯಾರೆ ಊರಿಗೆ ನಡದ್ವು ಅಂತೇನು?

ಜುಲೇಖಾ ಪೆನ್ಸಿಲ್ ತಗೊಂಡ ಬಂದಿದ್ಲು, ಕೊಡಲಿಲ್ಲ.
ಅಡತಿ ಅಂಗಡಿಗೆ ಕೀರ್ದಿ ಕಟ್ಟೂ ಕಾಲಕ್ಕ
ನಮ್ಮಪ್ಪ ಹೇಳತಿದ್ದ:
“ಲೆಕ್ಕ ಅವರದು, ಬೆನ್ನು ನಮ್ಮದು.”
ಅದಕ್ಕ ಖಾಲಿ ಹಾಳೀನ ಹೊಲದೀನಿ.
ಮುಟ್ಟಿ ನೋಡ್ರಿ. ಅಪ್ಪ ಇದ್ದಾಗ ಕೀರ್ದಿಗಂತ ತಂದ ಕಾಗದ,
ಈಗ ಕೀರ್ದಿ ಯಾರ ಬರೀತಾರ?
ಶಾಯಿ ಒಡೀದುಲ್ಲ. ಬೆಳಕಿಗೆ ಹಿಡದ್ರ
ಒಳಗ ನೀರಿನ ಗುರ್ತೈತಿ, ಕಾಗದದ ಗಿರಣಿಯವರು ಒತ್ತಿದ್ದು,
ಏನಂತ ನನಗೂ ತಿಳಿದಿಲ್ಲ.
ಆ ನೀಲಿ ಅಂಚು ಕತ್ತರಿಸಿಲ್ಲ, ಅದರ ಬುಡಕ್ಕ ಅಂಟಿಸೀನಿ.
ಹುಡುಗೂರು ಅಲ್ಲಿಂದ ಹಿಡಕೊಂಡು ಹೋಗ್ಲಿ, ಎಲ್ಲೀತನಕ ಹೊಕ್ಕಾರೋ.

ನಲವತ್ತು ಕೊಡ್ರಿ. ಹಾಳೀದು ಬ್ಯಾಡ.
ಇಳೀಬೇಕಾದ್ರ ಬಲಕ್ಕ ನೋಡಕೊಂಡು ಇಳೀರಿ,
ಮೆಟ್ಟಿಲ ಮುಗದಲ್ಲೇ ರಸ್ತಾ ಐತಿ.